ಎಲುಬಿನ ಬಳ್ಳಿ

ನನ್ನ ಪಕ್ಕದ ಅಂಗಡಿಯವರು ತೀರಿಕೊಂಡ ದಿನ ಬಜಾರಿನ ಮಂದಿಯೆಲ್ಲ "ಪಾಪ, ಒಳ್ಳೆ ಮನುಷ್ಯ ಇದ್ದ" ಎಂದರು. ಶುದ್ಧ ಸುಳ್ಳು. ಬದುಕಿದ್ದಾಗ ಅವರನ್ನು ಒಳ್ಳೆಯವರು ಎಂದು ಒಬ್ಬರೂ ಅಂದದ್ದು ನಾನು ಕೇಳಿಲ್ಲ. ಚಹಾದಂಗಡಿಯವನಿಂದ ಹಿಡಿದು ಮುನಸಿಪಾಲ್ಟಿಯವರ ತನಕ ಎಲ್ಲರಿಗೂ ಅವರ ಬಾಯಿಯ ಹೆದರಿಕೆ. ಸತ್ತ ಮೇಲೆ ಮಂದಿಗೇನು, ಪಾಪ ಅನ್ನಲು ಕೈಯಿಂದ ಏನೂ ಬೀಳುವುದಿಲ್ಲವಲ್ಲ. ನಾನು ಪಾಪ ಅನ್ನಲಿಲ್ಲ. ನನಗೆ ಸಿಟ್ಟು ಬಂದಿತ್ತು. ಈಗಲೂ ಇದೆ, ಅದಕ್ಕೇ ಇದನ್ನು ಬರೆಯಲು ಕೂತಿದ್ದೇನೆ. ಅವರ ಹೆಸರು ಮಾತ್ರ ಬರೆಯುವುದಿಲ್ಲ. ಹೆಸರು ಬರೆದರೆ ನಮ್ಮ ಮಂದಿ ಮೊದಲು ಜಾತಿ ಹುಡುಕುತ್ತಾರೆ, ಅದು ಸಿಕ್ಕಿತೋ, ಮುಂದೆ ಓದುವುದನ್ನೇ ಬಿಡುತ್ತಾರೆ.

ರಾಯಚೂರಿನಲ್ಲಿ ಕೋಟೆ ಗೋಡೆಗೆ ಹತ್ತಿಕೊಂಡಿರುವ ಒಂದು ಗಲ್ಲಿಯಲ್ಲಿ ನನ್ನ ಟೇಲರಿಂಗ್ ಅಂಗಡಿ. ಪಕ್ಕದಲ್ಲೇ ಅವರ ಕೆಲಸದ ಖೋಲಿ. ನಡುವೆ ಒಂದು ತಗಡು, ಅಷ್ಟೇ. ಆ ಕಡೆ ಅವರು ಕೆಮ್ಮಿದರೆ ಈ ಕಡೆ ನನ್ನ ಕೈಯ ಸೂಜಿ ನಡುಗುತ್ತಿತ್ತು. ಅವರು ಬರೆಯುವ ಪೆಟ್ಟಿಗೆಗಳ ಕೆಲಸದವರು. ಈಗಿನವರಿಗೆ ಅದೇನೆಂದು ಬಿಡಿಸಿ ಹೇಳಬೇಕಾಗುತ್ತದೆ. ನೆಲದ ಮೇಲೆ ಚಕ್ಕಂಬಕ್ಕಳ ಹಾಕಿ ಕೂತು, ಮುಂದಿಟ್ಟುಕೊಂಡು ಬರೆಯುವ ಸೀಸಂ ಕಟ್ಟಿಗೆಯ ಪೆಟ್ಟಿಗೆ. ಮುಚ್ಚಿದರೆ ಪೆಟ್ಟಿಗೆ, ಬಿಚ್ಚಿದರೆ ಇಳಿಜಾರು ಹಲಗೆ. ಒಳಗೆ ಮಸಿಕುಡಿಕೆಗೆ ಒಂದು ಗೂಡು, ಪೆನ್ನಿಡಲು ತಟ್ಟೆ, ಬೆರಳು ಹೋಗುವಷ್ಟು ಸಣ್ಣ ಖಾನೆಗಳು. ಮುಚ್ಚಳದ ಮೇಲೆ ಕಟ್ಟಿಗೆ ಕೊರೆದು, ಬಿಳಿ ಎಲುಬಿನ ತುಣುಕು, ಹಿತ್ತಾಳೆಯ ತಂತಿ ಕೂರಿಸಿ ಬಳ್ಳಿ, ಹೂವು, ಚಿಕ್ಕೆ. ಗೌಡರು, ಕುಲಕರ್ಣಿಗಳು, ಅಡತಿ ಅಂಗಡಿಯ ಸಾಹುಕಾರರು ಒಂದು ಕಾಲಕ್ಕೆ ಇಂಥ ಪೆಟ್ಟಿಗೆ ಮುಂದಿಲ್ಲದೆ ಗಾದಿಯ ಮೇಲೆ ಕೂರುತ್ತಿರಲಿಲ್ಲವಂತೆ. ಆಮೇಲೆ ಮೇಜು ಕುರ್ಚಿ ಬಂದವು, ಪೆಟ್ಟಿಗೆಗಳು ಅಟ್ಟ ಹತ್ತಿದವು. ನಾನು ಅವರನ್ನು ಬಲ್ಲ ಕಾಲಕ್ಕೆ ಹೊಸದು ಮಾಡಿಸುವವರು ಯಾರೂ ಉಳಿದಿರಲಿಲ್ಲ. ಹಳೆಯವನ್ನು ರಿಪೇರಿ ಮಾಡುವುದೇ ಕೆಲಸ. ಒಳಗೆ ಹಾಸುವ ಮಖಮಲ್ಲು ನನ್ನ ಪಾಲಿನದು. ಹಾಗೆ ನಮ್ಮಿಬ್ಬರ ಪರಿಚಯ. ಅವರು ನನ್ನನ್ನು ತಂಗೆವ್ವ ಎನ್ನುತ್ತಿದ್ದರು, ನಾನು ಅಣ್ಣಾರು ಎನ್ನುತ್ತಿದ್ದೆ.

ಬಾಯಿಯ ಸಂಗತಿ ಹೇಳಿದೆನಲ್ಲ. ಒಮ್ಮೆ ಬ್ಯಾಂಕಿನ ಸಾಹೇಬರೊಬ್ಬರು ಹೊಸ ಟೀವಿ ಸ್ಟ್ಯಾಂಡಿನ ಬಾಗಿಲು ಕಿತ್ತು ಬಂದಿದೆ ಎಂದು ಹೊತ್ತು ತಂದರು. ಪುಡಿ ಒತ್ತಿ ಮಾಡಿದ ಈಗಿನ ಹಲಗೆ. ಅಣ್ಣಾರು ಅದನ್ನು ಉಗುರಿನಿಂದ ಕೆರೆದು ನೋಡಿದರು.

"ಸಾಹೇಬ್ರ, ಇದು ಕಟ್ಟಿಗಿ ಅಲ್ರಿ. ಹೊಟ್ಟು ತಟ್ಟಿದ ಕುಳ್ಳು. ಒಲಿಗೆ ಹಾಕ್ರಿ, ಒಂದು ಕಪ್ಪು ಚಹಾ ಆದ್ರೂ ಕಾದೀತು."

ಸಾಹೇಬರ ಮುಖ ಮೆಣಸಿನಕಾಯಿ ಆಯಿತು. ನಾನು ತಗಡಿನ ಈಚೆಯಿಂದ, "ಅಣ್ಣಾರ, ಗಿರಾಕಿ ಜೋಡಿ ಜರಾ ಚೊಲೊ ಮಾತಾಡ್ರಿ" ಎಂದು ಕೂಗಿದೆ.

"ಚೊಲೊ ಮಾತು ಬೇಕಂದ್ರ ಚೊಲೊ ಕಟ್ಟಿಗಿ ತರಬೇಕು ತಂಗೆವ್ವ."

ಹೊಗಳಿದರೂ ಬೈಗುಳವೇ. ಒಂದು ಮುಚ್ಚಳ ಮುಗಿಸಿ ಒಣಗಲು ನೆರಳಿಗೆ ಇಟ್ಟಿದ್ದರು. ನೋಡಿ ನನಗೆ ತಡೆಯಲಾಗಲಿಲ್ಲ, "ಎಷ್ಟು ಚಂದ ಆಗ್ಯದ್ರೀ" ಎಂದೆ. "ಚಂದ ಆಗ್ಯದ ಅಂತ ದಾರಿ ಹೋಕನೂ ಹೇಳ್ತಾನ. ಎಲ್ಲಿ ಕೆಟ್ಟದ, ಅದನ್ನ ಹೇಳು" ಎಂದು ಗದರಿದರು. ನನಗೂ ಹಟ ಬಂತು. ನಾನು ಸುಮ್ಮನೆ ಬ್ಲೌಸು ಹೊಲಿಯುವವಳಲ್ಲ, ತೋಳು ಕೂರಿಸುವಾಗ ಅರ್ಧ ನೂಲು ಹೆಚ್ಚುಕಡಿಮೆಯಾದರೂ ನನ್ನ ಕಣ್ಣಿಗೆ ಚುಚ್ಚುತ್ತದೆ. ಬಗ್ಗಿ ನೋಡಿ, "ಈ ಎಲಿ ತಲಿ ಕೆಳಗ ಹಾಕ್ಯದ, ಬಾಡಿದಂಗ" ಎಂದೆ. ಮರುದಿನ ನೋಡಿದರೆ ಆ ಎಲೆ ಕಿತ್ತು ಹೊಸ ಎಲೆ ಕೂರಿಸಿದ್ದರು. ನನಗೆ ಒಂದು ಮಾತಿಲ್ಲ, ಚಹಾ ಮಾತ್ರ ಬಂತು.

ಅವರು ನ್ಯಾಯವಂತರು ಎಂದು ಯಾರೂ ತಿಳಿಯಬಾರದು. ನಾನು ಗುಲ್ಬರ್ಗಾದಿಂದ ತರಿಸಿದ ಹಸಿರು ಮಖಮಲ್ಲನ್ನು "ಇದೇನು ನಾಟಕದ ರಾಜನ ಅಂಗೀನಾ?" ಎಂದು ಗಟಾರಕ್ಕೆ ಎಸೆದ ಮನುಷ್ಯ. ನಾನು ಬಾಯಿಗೆ ಬಂದಂತೆ ಬೈದು ಮಾತು ಬಿಟ್ಟೆ. ಎಷ್ಟೋ ದಿನ ತಗಡಿನ ಎರಡೂ ಕಡೆ ಮೌನ. ಆಮೇಲೊಂದು ಬೆಳಿಗ್ಗೆ ಅಂಗಡಿ ತೆಗೆದರೆ, ನನ್ನ ಹೊಲಿಗೆ ಮಿಷಿನ್ನಿನ ಮುರಿದ ಖಾನೆಗೆ ಹೊಸ ಹಿಡಿಕೆ ಬಂದಿತ್ತು. ಅವರಲ್ಲಿ ತಪ್ಪಾಯಿತು ಅನ್ನುವುದಕ್ಕೆ ಬೇರೆ ಮಾತಿರಲಿಲ್ಲ.

ಅವರದೊಂದು ವಿಚಿತ್ರ ಚಾಳಿ. ಎಲುಬಿನ ತುಣುಕು ಕಟ್ಟಿಗೆಯಲ್ಲಿ ಸಮ ಕೂತಿದೆಯೋ ಇಲ್ಲವೋ ಎಂದು ಬೆರಳಿನಿಂದ ಮುಟ್ಟಿ ನೋಡುತ್ತಿರಲಿಲ್ಲ. ಪೆಟ್ಟಿಗೆಯನ್ನು ಎತ್ತಿ, ಕೆಳದುಟಿಯನ್ನು ಬಳ್ಳಿಯ ಉದ್ದಕ್ಕೂ ಮೆಲ್ಲಗೆ ಎಳೆಯುತ್ತಿದ್ದರು. ಎಲ್ಲಾದರೂ ಕೂದಲಿನಷ್ಟು ಉಬ್ಬಿದ್ದರೆ ಅಲ್ಲೇ ನಿಲ್ಲುತ್ತಿದ್ದರು. "ಬೆರಳು ಕೆಲಸಾ ಮಾಡಿ ಮಾಡಿ ದಡ್ಡ ಆಗ್ಯಾವ. ತುಟಿ ಇನ್ನಾ ಎಳೇದು ಅದ" ಎನ್ನುತ್ತಿದ್ದರು. ಅವರಿಗೆ ಈ ಕೆಲಸ ಕಲಿಸಿದ ಉಸ್ತಾದರೂ ಹಾಗೇ ನೋಡುತ್ತಿದ್ದರಂತೆ. ಮೊದಮೊದಲು ನನಗೆ ನಗು ಬರುತ್ತಿತ್ತು, ಆಮೇಲೆ ರೂಢಿಯಾಯಿತು.

ಅವರದು ದೇವದುರ್ಗ ತಾಲೂಕಿನ ಮಸರಕಲ್. ಅಪ್ಪ ಊರಿನಲ್ಲಿ ಸತ್ತ ದನ ಎಳೆಯುವ ಕೆಲಸದವರು. ಊರ ಮಂದಿ ಮೂಗು ಮುಚ್ಚಿಕೊಂಡು ದೂರ ನಿಂತು, "ಎಳಕೊಂಡ ಹೋಗಲೇ" ಎನ್ನುವ ಕೆಲಸ. ತೊಗಲು ಒಬ್ಬರಿಗೆ, ಎಲುಬು ರಾಯಚೂರಿನ ಉಸ್ತಾದರಿಗೆ. ಎಲುಬಿನ ಚೀಲದ ಜೊತೆ ಬಂದ ಮಗ ಉಸ್ತಾದರ ಬಳಿಯೇ ಉಳಿದುಬಿಟ್ಟ. ಒಂದು ಉರಿಬಿಸಿಲಿನ ಮಧ್ಯಾಹ್ನ, ಕರೆಂಟು ಹೋಗಿ ಇಬ್ಬರೂ ಬಾಗಿಲಲ್ಲಿ ಕೂತಿದ್ದಾಗ, ಅವರಾಗಿಯೇ ಇದನ್ನು ಹೇಳಿದ್ದರು.

"ಎಲುಬು ಸುಣ್ಣದ ನೀರಿನಾಗ ಕುದಿಸ್ತೀವಿ ತಂಗೆವ್ವ. ಜಿಡ್ಡು ಪೂರಾ ಬಿಡಬೇಕು. ನೆರಳಾಗ ಒಣಗಿಸಬೇಕು, ಬಿಸಿಲಿಗೆ ಸೀಳ್ತದ. ನಾನು ಮೊದಲನೇ ಸಲ ಕುದಿಸಿ ಬೆಳ್ಳಗ ಮಾಡಿದ್ದನ್ನ ನಮ್ಮಪ್ಪನ ಕೈಯಾಗ ಇಟ್ಟೆ. ಆತ ನೋಡಲಿಲ್ಲ, ಮೂಸಿದ. ತಿರುವಿ ತಿರುವಿ ಮೂಸಿದ. 'ವಾಸನಿ ಇಲ್ಲಲೇ ಯಪ್ಪಾ' ಅಂದ. ಜೀವನಪೂರ್ತಿ ಆ ವಾಸನಿ ಮೈಮ್ಯಾಲೆ ಹೊತ್ತಾಂವ ನೋಡು ಆತ."

ಅವರ ಮಗ ದೇವದುರ್ಗದ ಕಾಲೇಜಿನಲ್ಲಿ ಮೇಷ್ಟ್ರು. ಮನೆಯಲ್ಲಿ ಬುದ್ಧನ ಮೂರ್ತಿ, ಗೋಡೆ ತುಂಬ ಪುಸ್ತಕ. ಮಗನಿಗೆ ಅಪ್ಪನ ಕೆಲಸ ಕಂಡರೆ ಆಗುತ್ತಿರಲಿಲ್ಲ. "ಸತ್ತ ದನ ಮುಟ್ಟಂಗಿಲ್ಲ ಅಂತ ನಮ್ಮ ಓಣಿ ಮಂದಿ ಹೊಡೆತ ತಿಂದು ಬಿಟ್ಟ ಕೆಲಸ ಇದು, ನೀವು ಅದೇ ಎಲುಬು ಹಿಡಕೊಂಡು ಕುಂತೀರಲ್ಲ ಅಪ್ಪಾ" ಎಂದು ಅಂಗಡಿಯ ಮುಂದೆಯೇ ಜಗಳ ತೆಗೆದಿದ್ದ. ಎಲ್ಲರಿಗೂ ಎದುರು ಮಾತಾಡುವ ಅಣ್ಣಾರು ಮಗನಿಗೆ ಮಾತ್ರ ಮಾತಾಡಲಿಲ್ಲ. ಅವನು ಹೋದ ಮೇಲೆ, "ಆತಂದೇನು ತಪ್ಪಿಲ್ಲ ಬಿಡು. ಆತಗ ಆ ವಾಸನಿ ಬರ್ತದ. ನನಗ ಬರಂಗಿಲ್ಲ" ಎಂದರು.

ಅವರು ಮಾಡಿದ ಪೆಟ್ಟಿಗೆಗಳೆಲ್ಲ ಎಲ್ಲಿ ಹೋದವು ಎಂದು ಕೇಳಿದರೆ ಉತ್ತರ ಕಹಿ. ಹೈದರಾಬಾದಿನ ವ್ಯಾಪಾರಿಗಳು ಊರೂರು ತಿರುಗಿ ಅಟ್ಟದ ಮೇಲಿನದನ್ನೆಲ್ಲ ಸಾಗಿಸಿದರು. ಒಡೆದು ಮುಚ್ಚಳವನ್ನಷ್ಟೇ ಉಳಿಸಿಕೊಂಡು ಹೋಟೆಲಿನ ಗೋಡೆಗೆ ಹೊಡೆದರು. ಉಸ್ತಾದರು ಹೋದರು, ಅವರ ಮಕ್ಕಳು ಗಲ್ಫಿಗೆ ಹೋದರು. ರಿಪೇರಿಗೆ ಬರುತ್ತಿದ್ದವೆಲ್ಲ ಬೇರೆ ಯಾರದೋ ಕೈಯವು. ಉಸ್ತಾದರ ಕೈಯದಾಗಲಿ, ತಮ್ಮ ಕೈಯದಾಗಲಿ ಇಡಿಯಾದ ಒಂದು ಪೆಟ್ಟಿಗೆಯೂ ಎಲ್ಲೂ ಉಳಿದಿಲ್ಲ ಎಂದೇ ಅಣ್ಣಾರು ನಂಬಿದ್ದರು. ಮಾನ್ವಿಯಿಂದ ಫೋನು ಬರುವ ತನಕ.

ಮಾನ್ವಿಯಲ್ಲಿ ರೈಸ್ ಮಿಲ್ಲಿನ ಸಾಹುಕಾರರ ಮನೆ. ದೊಡ್ಡ ಸಾಹುಕಾರರು ತೀರಿ, ಮೊಮ್ಮಗ ವ್ಯವಹಾರ ನೋಡಿಕೊಳ್ಳುತ್ತಿದ್ದ, ಈಗ ಅವನೇ ಸಾಹುಕಾರ. ಮಿಲ್ಲಿನ ಮುಂದೆಯೇ ಹೊಸ ಮನೆ ಏಳುತ್ತಿತ್ತು. ಅಜ್ಜ ಲೆಕ್ಕ ಬರೆಯುತ್ತಿದ್ದ ಹಳೆಯ ಪೆಟ್ಟಿಗೆ ಈಗ ದೇವರ ಮನೆಯಲ್ಲಿ ಇತ್ತು. ಅದರೊಳಗೆ ವಿಭೂತಿ ಗಟ್ಟಿ, ರುದ್ರಾಕ್ಷಿ. ಮೇಲೆ ಮಠದ ಸ್ವಾಮಿಗಳಾದ ಅಜ್ಜನವರ ಫೋಟೋ. ಮನೆಯವರೆಲ್ಲ ದಿನಾ ಅದಕ್ಕೆ ಹಣೆ ಹಚ್ಚಿ ಹೊರಬೀಳುವರು. ಅದರ ಒಂದು ಮೂಲೆಯ ಬಳ್ಳಿ ಉದುರಿತ್ತು. ಗೃಹಪ್ರವೇಶದೊಳಗೆ ಸರಿಮಾಡಬೇಕು, ಆದರೆ ಪೆಟ್ಟಿಗೆ ಮನೆ ಬಿಟ್ಟು ಬರುವುದಿಲ್ಲ, ನೀವೇ ಬರ್ರಿ ಎಂದರು. ಒಳಗಿನ ಮಖಮಲ್ಲೂ ಹುಳ ತಿಂದಿತ್ತಾದ್ದರಿಂದ ನಾನೂ ಹೊರಟೆ. ನನ್ನ ತವರು ಅಲ್ಲೇ ಬಾಗಲವಾಡ, ಅವ್ವನನ್ನೂ ನೋಡಿದಂತಾಗುತ್ತದೆ ಎಂದುಕೊಂಡೆ.

ಬಾಗಲವಾಡದಲ್ಲಿ ಯಾರ ಮನೆಯವಳು ಎಂದು ಗೊತ್ತಾದ ಕೂಡಲೇ ಸಾಹುಕಾರನ ಹೆಂಡತಿ, "ಅಯ್ಯ, ನಮ್ಮಾಕಿನ ಅದೀರಲ್ಲರೀ, ಒಳಗ ಬರ್ರಿ" ಎಂದು ಅಡುಗೆ ಮನೆಯ ತನಕ ಕರೆದೊಯ್ದು ಕಪ್ಪುಬಸಿಯಲ್ಲಿ ಚಹಾ ಕೊಟ್ಟಳು. ಅಣ್ಣಾರಿಗೆ ಅಂಗಳದ ಬೇವಿನ ಗಿಡದ ಕೆಳಗೆ ಪ್ಲಾಸ್ಟಿಕ್ ಕುರ್ಚಿ, ಕಾಗದದ ಕಪ್ಪು. ನಾನು ಹುಬ್ಬೇರಿಸಿದ್ದಕ್ಕೆ, "ಕೆಲಸಕ್ಕ ಬಂದವರಿಗೆಲ್ಲ ಅದ್ರಾಗ ಕೊಡತೀವ್ರೀ" ಎಂದಳು. ನಾನೇನು ಬೀಗತನಕ್ಕೆ ಹೋಗಿದ್ದೆನೇ? ಪಡಸಾಲೆಯ ಗೋಡೆಯ ಮೇಲೆ, ಜಾತಿ ಇಲ್ಲ ಎಂದು ಸಾರಿದ ಶರಣರ ಫೋಟೋಗಳಿಗೆ ದಪ್ಪ ದಪ್ಪ ಹಾರ ಬೇರೆ.

ಪೆಟ್ಟಿಗೆಯನ್ನು ಅಂಗಳಕ್ಕೆ ತಂದಿಟ್ಟರು. ಅಣ್ಣಾರು ಅದನ್ನು ನೋಡಿ ಎದ್ದು ನಿಂತರು. ಎತ್ತಿಕೊಂಡರು, ಬೆಳಕಿಗೆ ಹಿಡಿದರು, ತಿರುವಿದರು. ಆಮೇಲೆ ನಾನು ಬೇಡ ಎನ್ನುವಷ್ಟರಲ್ಲಿ ಬಗ್ಗಿ ಕೆಳದುಟಿಯನ್ನು ಬಳ್ಳಿಯ ಮೇಲೆ ಎಳೆದೇಬಿಟ್ಟರು.

"ಯಪ್ಪಾ ಶಿವನ! ಏ, ಎಂಜಲ ಮಾಡಿದ! ದೇವರ ಪೆಟ್ಟಿಗಿ ಎಂಜಲ ಮಾಡಿದ!" ಎಂದು ಸಾಹುಕಾರನ ಅಜ್ಜಿ, ಮನೆಯವರ ಬಾಯಲ್ಲಿ ದೊಡ್ಡವ್ವ, ಕಟ್ಟೆಯ ಮೇಲಿಂದ ಚೀರಿದರು. ಹೆಂಡತಿ ಒಳಗಿನಿಂದ ಕೊಡ ನೀರು ತಂದಳು. ಶುದ್ಧಿ ಮಾಡಬೇಕಲ್ಲ! ಅಣ್ಣಾರು ಎರಡೂ ತೋಳಿನಿಂದ ಪೆಟ್ಟಿಗೆ ತಬ್ಬಿಕೊಂಡು ತಿರುಗಿ ನಿಂತರು.

"ನೀರು ಹಾಕಬ್ಯಾಡ್ರೀ! ಕೈ ಮುಗೀತೀನಿ, ನೀರು ಹಾಕಬ್ಯಾಡ್ರೀ! ಒಳಗಿನ ಅಂಟು ಬಿಡ್ತದ, ಪೂರಾ ಉದುರ್ತದ! ನನ್ನ ಮ್ಯಾಲೆ ಹಾಕ್ರಿ ಬೇಕಾದ್ರ!"

ಅಷ್ಟು ದೊಡ್ಡ ಅವಮಾನ ಅವರಿಗೆ ತಟ್ಟಲೇ ಇಲ್ಲ, ನೀರಿನದೇ ಚಿಂತೆ. ಕೊನೆಗೆ ಸಾಹುಕಾರನೇ ನಡುವೆ ಬಂದ. ಓದಿದವನು, ಎಲ್ಲರಿಗೂ ರೀ ಹಚ್ಚಿ ಮಾತಾಡುವವನು. ಒಣ ವಿಭೂತಿ ಹಚ್ಚಿ ಶುದ್ಧಿ ಮುಗಿಸಿದರು. ಆಮೇಲೆ ಅವನು ಅಣ್ಣಾರಿಗೆ ಹೇಳಿದ, "ನೋಡ್ರಿ ಮಿಸ್ತ್ರಿ, ಇದು ನಿಜಾಮನ ಕಾಲದ್ದು. ಪೂರಾ ಆನೆದಂತದ್ದು. ಉದುರಿದಲ್ಲಿ ಎಲುಬು ಗಿಲುಬು ಹಾಕಬ್ಯಾಡ್ರಿ ಮತ್ತ, ಪೂಜಾದ್ದು. ದಂತಾನೇ ಹಾಕ್ರಿ."

ನಾನು ಕಾದೆ. ಬ್ಯಾಂಕಿನ ಸಾಹೇಬರಿಗೆ ಕುಳ್ಳು ಎಂದ ಬಾಯಿ ಇವನಿಗೇನು ಹೇಳೀತು ಎಂದು. ಅಣ್ಣಾರು ನೆಲ ನೋಡುತ್ತ, "ಹೂಂರಿ, ದಂತಾನೇ ಹಾಕ್ತೀನಿ" ಎಂದರು.

ಸಂಜೆಯ ಬಸ್ಸಿನಲ್ಲಿ ಕೇಳಿದೆ, "ಯಾಕ ಸುಳ್ಳು ಹೇಳಿದ್ರಿ ಅಣ್ಣಾರ? ಅದು ದಂತ ಅಲ್ಲ, ನನಗೂ ಕಾಣ್ತದ."

"ಖರೇ ಹೇಳಿದ್ರ ನಾಳಿಗೆ ಅದು ತಿಪ್ಪಿಗೆ ಹೋಗ್ತದ" ಎಂದರು. ಆಮೇಲೆ ಇಬ್ಬರ ಟಿಕೀಟಿನ ದುಡ್ಡು ಕೊಟ್ಟು, "ನಿಜಾಮನ ಕಾಲದ್ದಂತ! ಕರ್ಮ. ಅದು ಉಸ್ತಾದರ ಪೆಟ್ಟಿಗಿ. ಎಲುಬು ನಮ್ಮಪ್ಪ ತಂದದ್ದು. ಮುಚ್ಚಳದ ಅಂಚಿನ ಬಳ್ಳಿ ಅದ ನೋಡು, ಅದು ನಂದು ತಂಗೆವ್ವ. ಉಸ್ತಾದರು ನನ್ನ ಕೈಯಿಂದ ಕೊಯ್ಸಿದ ಮೊದಲನೇ ಬಳ್ಳಿ. ಮೂರು ಮಂದೀದೂ ಕೈ ಅದರಾಗ ಅದ. ಹೋಗ್ಯದ ಅಂತ ತಿಳಕೊಂಡಿದ್ದೆ. ದಂತ ಅನ್ಲಿ, ವಜ್ರ ಅನ್ಲಿ, ನನಗೇನು? ಅದು ಬದುಕಿದ್ರ ಸಾಕು" ಎಂದರು.

ದಿನಾ ಬಸ್ಸು ಹತ್ತಿ ಹೋಗಿ ಕೆಲಸ ಮಾಡಿದರು, ಉದುರಿದಲ್ಲಿ ಎಲುಬನ್ನೇ ಕೂರಿಸಿದರು. ಅಂಗಳದಲ್ಲಿ, ಅದೇ ಬೇವಿನ ಕೆಳಗೆ. ನಾನು ಒಳಗೆ ಕಡುಗೆಂಪು ಮಖಮಲ್ಲು ಹಾಸಿದೆ. ಅದರ ಬಗ್ಗೆ ಒಂದು ತಕರಾರೂ ಮಾಡಲಿಲ್ಲ. ಆ ದಿನಗಳಲ್ಲಿ ಬಜಾರಿನಲ್ಲಿ ಅವರ ಬಾಯಿಗೆ ಯಾರೂ ಬೀಳಲಿಲ್ಲ. ಚಹಾದಂಗಡಿಯವನು, "ಅಣ್ಣಾಗ ಆರಾಮಿಲ್ಲೇನ್ರಿ?" ಎಂದು ನನ್ನನ್ನು ಕೇಳಿದ.

ಗೃಹಪ್ರವೇಶ ಆಯಿತು. ದೇವರ ಮನೆಗೆ ಗಾಜಿನ ಶೋಕೇಸು, ಅದರಲ್ಲಿ ದೀಪದ ಬೆಳಕಿಗೆ ಪೆಟ್ಟಿಗೆ. ಸಾಹುಕಾರ ಫೋನು ಹಿಡಿದು ಒಂದು ವಿಡಿಯೋ ಮಾಡಿದ. "ನಮ್ಮ ಮನೆತನದ ನಿಜಾಮನ ಕಾಲದ ಆನೆದಂತದ ಪೆಟ್ಟಿಗೆ" ಎಂದು ಊರಿಗೆಲ್ಲ ಹಂಚಿದ. ಪರವಾನಗಿ ಇಲ್ಲದೆ ದಂತ ಮನೆಯಲ್ಲಿಟ್ಟುಕೊಳ್ಳುವುದು ಅಪರಾಧ ಎಂಬುದು ಆ ಓದಿದ ತಲೆಗೆ ಹೊಳೆಯಲೇ ಇಲ್ಲ! ವಿಡಿಯೋ ಊರೆಲ್ಲ ಸುತ್ತಿ ಅರಣ್ಯ ಇಲಾಖೆಯವರ ಫೋನಿಗೂ ಹೋಯಿತು. ಅವರು ಮನೆಗೆ ಬಂದು ಪರವಾನಗಿ ಕೇಳಿದರು.

ಆಮೇಲೆ ನೋಡಬೇಕಿತ್ತು ಓಡಾಟವನ್ನು. ನಮ್ಮ ಗಲ್ಲಿಯಲ್ಲಿ ಹಿಡಿಸದಷ್ಟು ದೊಡ್ಡ ಕಾರು ಬಂದು ನಿಂತಿತು. ಸಾಹುಕಾರ ತಾನೇ ಇಳಿದು ಅಣ್ಣಾರ ಖೋಲಿಯ ಹೊಸ್ತಿಲಲ್ಲಿ ನಿಂತ.

"ಕಾಕಾರ, ಜಲ್ದಿ ಬರ್ರಿ. ಅದು ದಂತ ಅಲ್ಲ, ಎಲುಬು ಅಂತ ಸಾಹೇಬ್ರ ಮುಂದ ನೀವು ಹೇಳಬೇಕು."

ಮಿಸ್ತ್ರಿ ಹೋಗಿ ಕಾಕಾ ಆಗಿದ್ದರು. ಅಣ್ಣಾರು ನನ್ನ ಕಡೆ ನೋಡಿ, "ತಂಗೆವ್ವನೂ ಬರಲಿ, ಇಲ್ಲಾಂದ್ರ ನಾ ಬರಂಗಿಲ್ಲ" ಎಂದರು. ಕೈಯಲ್ಲಿದ್ದ ಕತ್ತರಿ ಇಟ್ಟು ನಾನೂ ಕಾರು ಹತ್ತಿದೆ.

ಪಡಸಾಲೆಯಲ್ಲಿ ಅಧಿಕಾರಿ, ಸೌಮ್ಯ ಮನುಷ್ಯ, ಪೆಟ್ಟಿಗೆ ಮುಂದಿಟ್ಟುಕೊಂಡು ಕೂತಿದ್ದರು. ಆ ದಿನ ಅಣ್ಣಾರನ್ನು ಒಳಗೆ ಕರೆದರು, ಅಧಿಕಾರಿ ಅಲ್ಲಿದ್ದರಲ್ಲ. ಅಣ್ಣಾರು ಭೂತಗನ್ನಡಿ ತೆಗೆದು ಅಧಿಕಾರಿಯ ಕೈಗೆ ಕೊಟ್ಟು, "ನೋಡ್ರಿ ಸಾಹೇಬ್ರ, ಸಣ್ಣ ಸಣ್ಣ ಕರಿ ಚುಕ್ಕಿ ಕಾಣ್ತಾವಲ್ಲ, ಅದು ಎಲುಬು. ದಂತಕ್ಕ ಚುಕ್ಕಿ ಇರಂಗಿಲ್ಲ" ಎಂದರು. ಅಧಿಕಾರಿ ನೋಡಿ ತಲೆದೂಗಿದರು. ಸಾಹುಕಾರ ಬೆವರು ಒರೆಸಿಕೊಂಡ. ಅಲ್ಲಿಗೇ ಮುಗಿದಿದ್ದರೆ ಎಷ್ಟು ಚೆನ್ನಾಗಿತ್ತು.

"ಎಲುಬು ಸರಿ. ಯಾವ ಪ್ರಾಣೀದು? ಜಿಂಕೀದಾಗಿದ್ರೂ ಕೇಸ್ ಆಗ್ತದ ನೋಡ್ರಿ" ಎಂದರು ಅಧಿಕಾರಿ.

ಮನೆಯವರೆಲ್ಲ ಅಣ್ಣಾರ ಬಾಯಿ ನೋಡಿದರು. ಅಣ್ಣಾರು ಪೆಟ್ಟಿಗೆಯನ್ನು ನೋಡಿದರು. ಈ ಸಲ ಸುಳ್ಳು ಹೇಳಿ, ಸಂಶಯ ಬಂದು ಪರೀಕ್ಷೆಗೆ ಒಯ್ದರೆ ಪೆಟ್ಟಿಗೆ ಜಪ್ತಿ, ಖರೆ ಹೇಳಿದರೆ ಈ ಮನೆಯಲ್ಲಿ ಅದಕ್ಕೆ ಜಾಗವಿಲ್ಲ. ಅದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

"ದನದ್ದು ಸಾಹೇಬ್ರ. ಎತ್ತಿಂದು. ನಮ್ಮಪ್ಪ ಹೊತ್ತು ತಂದದ್ದು. ಈ ಸೀಮ್ಯಾಗ ಯಾರ ಕೊಟ್ಟಿಗ್ಯಾಗ ಎತ್ತು ಸತ್ರೂ ನಮ್ಮಪ್ಪನ್ನೇ ಕರೀತಿದ್ರು."

ಅಧಿಕಾರಿ ಚಹಾ ಕುಡಿದು ಹೊರಟುಹೋದರು. ಮೊದಲು ಮಾತಾಡಿದವರು ದೊಡ್ಡವ್ವ. ಗೋಡೆ ಹಿಡಿದು ಕೂತು, "ಇಷ್ಟು ವರ್ಷ ನಾ ಯಾತಕ್ಕ ಹಣಿ ಹಚ್ಚೀನಿ ಯಪ್ಪಾ" ಎಂದು ಅಳತೊಡಗಿದರು. ಆ ಮುದುಕಿಯ ಸಂಕಟ ಸುಳ್ಳಲ್ಲ. ಅಣ್ಣಾರು ಆಕೆಯ ಮುಂದೆ ಬಗ್ಗಿ, ಎಂದೂ ಇಲ್ಲದ ಮೆತ್ತನೆಯ ದನಿಯಲ್ಲಿ, "ಯವ್ವಾ, ಕುದಿಸೂ ಮೊದಲು ಅದು ಎಲುಬು. ಈಗ ಅದು ಬಳ್ಳಿ. ನೀವು ಹಣಿ ಹಚ್ಚಿದ್ದು ಬಳ್ಳಿಗೆ" ಎಂದರು. ಅವರ ಮಾತು ಆಕೆಗೆ ಕೇಳಿಸಲಿಲ್ಲ.

ಸಾಹುಕಾರ ಹಲ್ಲು ಕಚ್ಚಿ, "ಒಂಟೀದು ಅನ್ನಬಾರದಿತ್ತಾ ನೀವು? ಅದರಾಗ ನಿಮ್ಮ ಗಂಟೇನು ಹೋಗ್ತಿತ್ತು?" ಎಂದ. ಕಾಕಾ ಅಷ್ಟರಲ್ಲೇ ಮುಗಿದಿತ್ತು.

"ನಿಮಗ ಬ್ಯಾಡಾಗ್ಯದಲ್ಲರೀ, ನನಗ ಕೊಡ್ರಿ. ಹೇಳಿದಷ್ಟು ಕೊಟ್ಟು ಒಯ್ತೀನಿ" ಎಂದರು ಅಣ್ಣಾರು.

"ಅದು ಹೆಂಗ ಆಗ್ತದ?"

"ಯಾಕ ಆಗಂಗಿಲ್ರಿ? ನೀವೇ ಮೈಲಿಗಿ ಅನ್ನಾಕತ್ತೀರಿ."

"ನಮ್ಮಜ್ಜ ವಿಭೂತಿ ಇಟ್ಟ ಪೆಟ್ಟಿಗಿ ಅದು. ಮಠದ ಅಜ್ಜಾರ ಫೋಟೋ ಇಟ್ಟದ್ದು. ಅದನ್ನ ನಿಮ್ಮ ಓಣಿಗೆ ಹೆಂಗ ಕಳಸೂದು? ಮಂದಿ ಏನಂದಾರು? ಬೆಂಕಿಗೆ ಮೈಲಿಗಿ ಇಲ್ಲ, ಅದಕ್ಕ ಕೊಡ್ತೀವಿ."

"ನಾಚಿಕಿ ಆಗಂಗಿಲ್ಲೇನಪಾ ನಿನಗ? ಮುಂಜಾನಿ ಕಾಕಾ ಅಂತ ಮನಿ ತನಕ ಬಂದಿದ್ದಿ" ಎಂದು ಅಂದೇಬಿಟ್ಟೆ. ಅವನ ಹೆಂಡತಿ, "ನಮ್ಮಾಕಿ ಆಗಿ ನೀವೇ ಹಿಂಗ ಅಂದ್ರ ಹೆಂಗರೀ" ಎಂದಳು. ನಾನು ನಿಮ್ಮಾಕಿ ಅಲ್ಲ ಎಂದೆ. ಅದರಿಂದ ಏನಾಯಿತು? ಏನೂ ಆಗಲಿಲ್ಲ.

ಆಳೊಬ್ಬ ಗೋಣಿಚೀಲದಲ್ಲಿ ಪೆಟ್ಟಿಗೆ ಸುತ್ತಿಕೊಂಡು ಹಿಂದಿನ ಮಿಲ್ಲಿಗೆ ನಡೆದ, ಹಿಂದೆ ಸಾಹುಕಾರ. ಅವರ ಹಿಂದೆ ಅಣ್ಣಾರು, ಅಣ್ಣಾರ ಹಿಂದೆ ನಾನು. ಮಿಲ್ಲಿನ ಬಾಯ್ಲರಿಗೆ ಬತ್ತದ ಹೊಟ್ಟು ತಳ್ಳುವವನು ಅಣ್ಣಾರ ಮಂದಿಯವನೇ, ನೀರಮಾನ್ವಿ ಕಡೆಯವನು. ಚೀಲ ಬಿಚ್ಚಿ ನೋಡಿ ಗಾಬರಿಯಾಗಿ, "ಇಷ್ಟು ಚಂದದ್ದು ಯಾಕ್ರೀ ಸಾವ್ಕಾರ್ರ?" ಎಂದ. ಸಾಹುಕಾರ, "ಹಾಕು" ಎಂದ. ಅವನು ಅಣ್ಣಾರ ಮುಖ ನೋಡಿದ. ಇವರದೇ ಕೈಯದು ಎಂದು ಹೇಗೋ ಅವನಿಗೆ ತಿಳಿದಿತ್ತು. ಕೈ ಮುಂದೆ ಹೋಗಲಿಲ್ಲ.

ಅಣ್ಣಾರೇ ಹೇಳಿದರು, "ಹಾಕಪಾ. ನಿನ್ನ ನೌಕರಿಗೆ ಕಲ್ಲು ಬೀಳೂದು ಬ್ಯಾಡ."

ಬಾಯ್ಲರಿನ ಬಾಗಿಲು ತೆರೆಯಿತು, ಮುಚ್ಚಿತು. ಸೀಸಂ ಬೇಗ ಉರಿಯುವ ಕಟ್ಟಿಗೆಯಲ್ಲ. ಅಣ್ಣಾರು ಅಲ್ಲೇ ನಿಂತರು. ಬನ್ನಿ ಎಂದರೆ ಬರಲಿಲ್ಲ. ಸಾಹುಕಾರ ಕಾರಿನಲ್ಲಿ ಬಿಟ್ಟು ಬರುತ್ತೇವೆ ಎಂದ, ಬೇಡ ಎಂದು ನಾನೇ ಹೇಳಿದೆ. ಬಸ್ ಸ್ಟ್ಯಾಂಡಿಗೆ ನಡೆದುಹೋದೆವು.

ಬಸ್ಸು ಊರು ದಾಟಿದ ಮೇಲೆ ಅವರು ಬಾಯಿ ಬಿಟ್ಟರು. "ಇಟ್ಟುಕೊಳ್ಳಾಕ ಮೈಲಿಗಿ ಆತು, ನನಗ ಕೊಡಾಕ ಮಡಿ ಆತು. ಎರಡೂ ಅದೇ ಪೆಟ್ಟಿಗಿ ನೋಡು ತಂಗೆವ್ವ." ನಾನು ಸೆರಗು ಬಾಯಿಗೆ ಒತ್ತಿಕೊಂಡು ಕಿಟಕಿಯ ಕಡೆ ತಿರುಗಿ ಅತ್ತೆ.

ಅದಾದ ಮೇಲೆ ಅವರು ಉಳಿ ಮುಟ್ಟಲಿಲ್ಲ. ಖೋಲಿ ತೆರೆಯುವರು, ಕೂರುವರು, ಮುಚ್ಚುವರು. ಗಿರಾಕಿ ಬಂದರೆ, ಕುಳ್ಳು ತಂದರೂ, "ಆಗಂಗಿಲ್ರಿ" ಎಂದು ಮೆಲ್ಲಗೆ ಹೇಳಿ ಕಳಿಸುವರು. ಬಜಾರಿನವರು ಈಗ ಮನುಷ್ಯ ಸುಧಾರಿಸಿದ ಎಂದರು. ಬೇಸಿಗೆ ಮುಗಿಯುವ ಮೊದಲೇ, ಜ್ವರ ಎಂದು ದೇವದುರ್ಗಕ್ಕೆ ಮಗನ ಮನೆಗೆ ಹೋದವರು ತಿರುಗಿ ಬರಲಿಲ್ಲ. ಮಣ್ಣು ಕೊಡಲು ಹೋಗಿ ಬಂದೆ. ಅವರ ಮಗ ನನ್ನ ಕೈ ಹಿಡಿದು, "ಅಪ್ಪ ಮಾಡಿದ್ದು ಒಂದೂ ನಮ್ಮ ಮನಿಯಾಗ ಇಲ್ರಿ ಅತ್ತಿ" ಎಂದ. ಆಗ ಅವನ ಕಣ್ಣು ತುಂಬಿದ್ದವು.

ಮೊನ್ನೆ ಮಾನ್ವಿಯಿಂದ ಫೋನು ಬಂತು. ಸಾಹುಕಾರನ ಹೆಂಡತಿ.

"ಆರಾಮೇನ್ರಿ? ಮಿಸ್ತ್ರಿ ತೀರಿಕೊಂಡ್ರಂತಲ್ಲ, ಪಾಪ. ಒಂದು ಮಾತು ಕೇಳೂದಿತ್ತುರೀ. ನಮ್ಮ ಶೋಕೇಸು ಖಾಲಿ ಕಾಣಾಕತ್ಯದ. ಅವರ ಕೈಯದು ಯಾವುದಾದ್ರೂ ಪೆಟ್ಟಿಗಿ ಉಳಿದದೇನ್ರಿ? ಎಲುಬಿಂದು ಬ್ಯಾಡ, ಬರೇ ಕಟ್ಟಿಗೀದು ಇದ್ರ ನಡೀತದ."

"ಒಂದ ಉಳಿದಿತ್ತುರೀ" ಎಂದೆ. "ನಿಮ್ಮ ಬಾಯ್ಲರಿನಾಗ ನೋಡ್ರಿ."